ಹೊರಗಿನ ಆ್ಯಪ್‌ಗೆ ಬೀಗ ಎಲ್ಲಿ ಹಾಕಬೇಕು?

ಕೇಳುಗರಿಗೆ ನಮಸ್ಕಾರ.

ವಾಟ್ಸ್ಆ್ಯಪ್‌ಗೆ ‘ಆರ್‌ಟಿಒ ಚಲನ್’ ಅಂತಲೋ ‘ಮದುವೆ ಕರೆಯೋಲೆ’ ಅಂತಲೋ ಒಂದು ಫೈಲ್ ಬರುತ್ತದೆ. ಹೆಸರಿನ ಕೊನೆಗೆ ಚುಕ್ಕೆ, ಎಪಿಕೆ. ಕರೆಯೋಲೆಯಾಗಿದ್ದರೆ ಚಿತ್ರವೋ ಪಿಡಿಎಫ್ಫೋ ಇರಬೇಕಿತ್ತು. ಎಪಿಕೆ ಎಂದರೆ ಆಂಡ್ರಾಯ್ಡ್ ಆ್ಯಪ್. ಇನ್‌ಸ್ಟಾಲ್ ಆದೊಡನೆ ಎಸ್‌ಎಂಎಸ್ ಓದುವ ಅನುಮತಿ ಕೇಳುತ್ತದೆ. ‘ಅಲೋ’ ಒತ್ತಿದರೆ ಬ್ಯಾಂಕಿನ ಒಟಿಪಿ ನೇರ ವಂಚಕನಿಗೆ.

ಹಾಗಿದ್ದರೆ ಪ್ಲೇ ಸ್ಟೋರ್ ಬಿಟ್ಟು ಬೇರೆಲ್ಲಿಂದಲೂ ಆ್ಯಪ್ ಹಾಕಲು ಬಿಡಬಾರದೇ? ಅಷ್ಟು ಸರಳವಲ್ಲ. ಎಫ್-ಡ್ರಾಯ್ಡ್‌ನಂಥ ಆ್ಯಪ್ ಭಂಡಾರದಲ್ಲಿ ಮುಕ್ತ ತಂತ್ರಾಂಶಗಳಷ್ಟೇ ಇರುತ್ತವೆ, ಅವುಗಳ ಮೂಲಸಂಕೇತವನ್ನು, ಅಂದರೆ ಆ್ಯಪ್ ಬರೆದ ಪ್ರೋಗ್ರಾಮನ್ನು, ಯಾರು ಬೇಕಾದರೂ ಓದಬಹುದು. ಇತ್ತ, ಜನರನ್ನು ಕಾಡಿದ ಎಷ್ಟೋ ಸಾಲದ ಆ್ಯಪ್‌ಗಳು ಪ್ಲೇ ಸ್ಟೋರ್‌ನಲ್ಲೇ ಇದ್ದವು. ಗೂಗಲ್ ಆಮೇಲೆ ತೆಗೆಯಿತು.

2017ರ ಆಂಡ್ರಾಯ್ಡ್ 8ರಿಂದ ಹೊರಗಿನ ಆ್ಯಪ್ ಹಾಕುವ ಅನುಮತಿಯನ್ನು ಬ್ರೌಸರ್‌ಗೆ ಬೇರೆ, ವಾಟ್ಸ್ಆ್ಯಪ್‌ಗೆ ಬೇರೆ ಕೊಡಬೇಕು. 2022ರ ಆಂಡ್ರಾಯ್ಡ್ 13, ಹೀಗೆ ಬಂದ ಆ್ಯಪ್‌ಗೆ ಪರದೆಯನ್ನೇ ಓದಬಲ್ಲ ಆ್ಯಕ್ಸೆಸಿಬಿಲಿಟಿ ಅನುಮತಿ ಸುಲಭಕ್ಕೆ ಸಿಗದಂತೆ ಮಾಡಿತು. ಕೇಡು ನಡೆಯುವುದೇ ಈ ಅನುಮತಿಗಳಲ್ಲಿ. ಬೀಗ ಅಲ್ಲಿರುವುದು ಸರಿ.

2025ರ ಆಗಸ್ಟ್‌ನಲ್ಲಿ ಗೂಗಲ್ ಇನ್ನೊಂದು ಹೆಜ್ಜೆ ಪ್ರಕಟಿಸಿತು: ಆ್ಯಪ್ ಎಲ್ಲಿಂದಲೇ ಬರಲಿ, ತಯಾರಕ ತನ್ನ ಗುರುತು ನೋಂದಾಯಿಸಿರಬೇಕು. ಎಫ್-ಡ್ರಾಯ್ಡ್ ಕಟುವಾಗಿ ವಿರೋಧಿಸಿತು. ಅಪಾಯ ಅರಿತವರಿಗೆ ಬೇರೆ ದಾರಿ ಇಡುತ್ತೇವೆ ಎಂದು ಗೂಗಲ್ ಆಮೇಲೆ ಹೇಳಿತು. ನನ್ನ ಅನುಮಾನವಿಷ್ಟೆ: ಇನ್ನೊಬ್ಬರ ಬ್ಯಾಂಕ್ ಖಾತೆಯನ್ನೇ ಬಾಡಿಗೆಗೆ ಹಿಡಿಯುವ ವಂಚಕನಿಗೆ ಇನ್ನೊಬ್ಬರ ಗುರುತು ಸಿಗುವುದೇನು ಕಷ್ಟ? ಶುಲ್ಕ, ದಾಖಲೆ ಎಂದು ಹಿಂಜರಿಯುವವರು ಬಿಡುವಿನಲ್ಲಿ ಉಚಿತ ಆ್ಯಪ್ ಬರೆಯುವವರು.

ಹೊರಗಿನಿಂದ ಹಾಕುವವರಿಗೆ ಒಂದು ಮಾತು. ಪ್ಲೇ ಸ್ಟೋರ್‌ನಿಂದ ಬಂದ ಆ್ಯಪ್‌ನ ಮೇಲೆ ಎಫ್-ಡ್ರಾಯ್ಡ್‌ನ ಅದೇ ಆ್ಯಪ್ ಹಾಕಹೋದರೆ ಸಾಮಾನ್ಯವಾಗಿ ‘ಆ್ಯಪ್ ನಾಟ್ ಇನ್‌ಸ್ಟಾಲ್ಡ್’ ಎನ್ನುತ್ತದೆ. ಆ್ಯಪ್ ಯಾರ ಕಡೆಯಿಂದ ಬಂತೆಂದು ತೋರುವ ಡಿಜಿಟಲ್ ಸಹಿ ಎರಡರಲ್ಲೂ ಬೇರೆ, ಅದಕ್ಕೆ. ಹಳೆಯದನ್ನು ತೆಗೆದೇ ಹಾಕಬೇಕು. ತೆಗೆದರೆ ಅದರೊಳಗಿನ ದತ್ತಾಂಶವೂ ಹೋಗುತ್ತದೆ, ಮೊದಲೇ ಬ್ಯಾಕಪ್ ಮಾಡಿ. ಸಹಿ ಹೊಂದದಿದ್ದರೆ ಅಪ್‌ಡೇಟ್ ಬೇಡ ಎನ್ನುವ ಈ ನಿಯಮ, ನಕಲಿ ಆ್ಯಪ್ ಅಸಲಿಯ ಜಾಗದಲ್ಲಿ ಕೂರದಂತೆ ಸದ್ದಿಲ್ಲದೆ ಕಾಯುತ್ತದೆ.

ಮಿಕ್ಕವರು ಸೆಟ್ಟಿಂಗ್ಸ್‌ನ ಹುಡುಕು ಪಟ್ಟಿಯಲ್ಲಿ ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ಎಂದು ಹುಡುಕಿ, ವಾಟ್ಸ್ಆ್ಯಪ್ ಮತ್ತು ಬ್ರೌಸರ್ ಎದುರಿನ ಗುಂಡಿ ಆಫ್ ಮಾಡಿ. ವಂಚಕ ಆ್ಯಪ್ ಈಗಾಗಲೇ ಸೇರಿದ್ದರೆ ಮೊದಲು ಏರೋಪ್ಲೇನ್ ಮೋಡ್ ಹಾಕಿ, ವೈಫೈ ಆರಿದೆಯೇ ನೋಡಿ. ಆ್ಯಪ್ ತೆಗೆಯಲು ಬಿಡದಿದ್ದರೆ ‘ಡಿವೈಸ್ ಅಡ್ಮಿನ್’ ಪಟ್ಟಿಯಲ್ಲಿ ಅದರ ಹಕ್ಕು ಕಿತ್ತು ಆಮೇಲೆ ತೆಗೆಯಿರಿ. ಹಣ ಹೋಗಿದ್ದರೆ ಇದಕ್ಕೆಲ್ಲ ಕಾಯದೆ, ಬೇರೆ ಫೋನಿನಿಂದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.