ಮೂರು ಕ್ಲಬ್, ಐದು ಲೀಗ್ ಪಟ್ಟ: ಗಾರ್ಡನ್ ಸ್ಮಿತ್ ಕಥೆ

[ಪರದೆ ಮೇಲೆ ಐದು ಇಸವಿ: 1948, 1951, 1952, 1960, 1962]

ಸ್ಕಾಟ್ಲೆಂಡ್ ಫುಟ್‌ಬಾಲ್ ಅಂದ ಕೂಡಲೇ ಬಾಯಿಗೆ ಬರೋದು ಎರಡೇ ಹೆಸರು, ಸೆಲ್ಟಿಕ್ ಮತ್ತು ರೇಂಜರ್ಸ್. 1985ರಲ್ಲಿ ಅಬರ್ಡೀನ್ ಗೆದ್ದ ಮೇಲೆ 2025ರ ತನಕ ಲೀಗ್ ಪಟ್ಟ ಈ ಎರಡು ಮನೆ ಬಿಟ್ಟು ಆಚೆ ಕಾಲಿಟ್ಟಿಲ್ಲ. ಈಗ ಈ ಐದು ಇಸವಿ ನೋಡಿ. ಐದೂ ಸಲ ಗೆದ್ದ ತಂಡದಲ್ಲಿ ಇದ್ದವನು ಗಾರ್ಡನ್ ಸ್ಮಿತ್. ಮೂರು ಬೇರೆ ಬೇರೆ ಕ್ಲಬ್. ಅದರಲ್ಲಿ ಸೆಲ್ಟಿಕ್ಕೂ ಇಲ್ಲ, ರೇಂಜರ್ಸೂ ಇಲ್ಲ.

1924ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿ, ಕಡಲ ತೀರದ ಮಾಂಟ್ರೋಸ್‌ನಲ್ಲಿ ಬೆಳೆದ ಹುಡುಗ. ಚಿಕ್ಕಂದಿನಲ್ಲಿ ಎಡಿನ್‌ಬರೋದ ಹಾರ್ಟ್ಸ್ ತಂಡದ ಅಭಿಮಾನಿ. ಆದರೆ ಸೇರಿದ್ದು ಅದೇ ಊರಿನ ದಾಯಾದಿ ಹಿಬರ್ನಿಯನ್‌ಗೆ, ಅಂದ್ರೆ ಹಿಬ್ಸ್‌ಗೆ. 1941, ಯುದ್ಧದ ಕಾಲ, ವಯಸ್ಸು ಹದಿನಾರು. ಮೊದಲ ಪಂದ್ಯವೇ ಹಾರ್ಟ್ಸ್ ಎದುರು, ಅವರದೇ ಮೈದಾನದಲ್ಲಿ. ಹೋಗಿ ಹ್ಯಾಟ್ರಿಕ್ ಹೊಡೆದು ಬಂದ!

[ಮೈದಾನದ ನಕ್ಷೆ: ಮುಂದಿನ ಸಾಲಿನಲ್ಲಿ ಐದು ಚುಕ್ಕಿ]

ಆಗೆಲ್ಲ ಮುಂದಿನ ಸಾಲಲ್ಲಿ ಐದು ಜನ ಫಾರ್ವರ್ಡ್‌ಗಳು. ಹಿಬ್ಸ್‌ನ ಐವರು: ಸ್ಮಿತ್, ಜಾನ್‌ಸ್ಟೋನ್, ರೈಲಿ, ಟರ್ನ್‌ಬುಲ್, ಆರ್ಮಂಡ್. ‘ಫೇಮಸ್ ಫೈವ್’ ಅಂತಲೇ ಹೆಸರು. ಐದೂ ಜನ ಹಿಬ್ಸ್ ಪರ ಲೀಗ್‌ನಲ್ಲಿ ನೂರು ಗೋಲು ದಾಟಿದವರು. ಬಲ ಅಂಚಿನಲ್ಲಿ ನಿಂತು ಸ್ಮಿತ್ ಬರೀ ಪಾಸ್ ಕೊಡ್ತಿದ್ದ ಅಂದುಕೊಳ್ಳಬೇಡಿ. 1947ರ ನವೆಂಬರ್‌ನಲ್ಲಿ ಥರ್ಡ್ ಲಾನಾರ್ಕ್ ತಂಡದ ಎದುರು ಒಬ್ಬನೇ ಐದು ಗೋಲು ಹೊಡೆದಿದ್ದಾನೆ. ಯುದ್ಧಕಾಲದ ಪಂದ್ಯ ಸೇರಿಸಿದರೆ ಹಿಬ್ಸ್ ಪರ 360ಕ್ಕೂ ಹೆಚ್ಚು ಗೋಲು. ಅಂಚಿನಲ್ಲಿ ಆಡೋ ವಿಂಗರ್ ಕಣ್ರೀ ಇವನು!

1948, 1951, 1952ರಲ್ಲಿ ಹಿಬ್ಸ್ ಚಾಂಪಿಯನ್. 1953ರದ್ದು ಮಾತ್ರ ನನಗೆ ಇವತ್ತಿಗೂ ಹೊಟ್ಟೆ ಉರಿಸೋ ಲೆಕ್ಕ. ಕ್ಯಾಲ್ಕುಲೇಟರ್ ತೆಗೀರಿ.

[ಅಂಕಪಟ್ಟಿ: ರೇಂಜರ್ಸ್ 80–39, ಹಿಬ್ಸ್ 93–51]

ಎರಡೂ ತಂಡಕ್ಕೆ 43 ಅಂಕ. ಈಗಿನ ಹಾಗೆ ಹೊಡೆದ ಗೋಲಲ್ಲಿ ಬಿಟ್ಟುಕೊಟ್ಟಿದ್ದನ್ನು ಕಳೆದರೆ ಹಿಬ್ಸ್‌ಗೆ 42, ರೇಂಜರ್ಸ್‌ಗೆ 41. ಹಿಬ್ಸ್ ಗೆಲ್ಲಬೇಕಿತ್ತು. ಆದರೆ ಆಗಿನ ನಿಯಮದಲ್ಲಿ ಕಳೆಯೋದಲ್ಲ, ಭಾಗಿಸೋದು. ಹಿಬ್ಸ್‌ಗೆ 1.82, ರೇಂಜರ್ಸ್‌ಗೆ 2.05. ಪಟ್ಟ ರೇಂಜರ್ಸ್ ಪಾಲು. ಹದಿಮೂರು ಗೋಲು ಜಾಸ್ತಿ ಹೊಡೆದವರು ಎರಡನೇ ಸ್ಥಾನ!

1955ರಲ್ಲಿ ಯುರೋಪಿನ ಕ್ಲಬ್‌ಗಳ ಟೂರ್ನಿ ಯುರೋಪಿಯನ್ ಕಪ್ ಶುರುವಾಯ್ತು. ಅದರಲ್ಲಿ ಆಡಿದ ಮೊದಲ ಬ್ರಿಟಿಷ್ ಕ್ಲಬ್ ಹಿಬ್ಸ್. ಜರ್ಮನಿಯ ಎಸ್ಸೆನ್ ತಂಡವನ್ನು ಅವರ ಊರಲ್ಲೇ 4–0ಯಿಂದ ಹೊಡೆದು, ಸೆಮಿಫೈನಲ್ ತನಕ ಹೋಗಿ, ಫ್ರಾನ್ಸ್‌ನ ರೀಮ್ಸ್ ಎದುರು ಸೋತರು. ಸ್ಕಾಟ್ಲೆಂಡ್ ಪರ ಸ್ಮಿತ್ ಆಡಿದ್ದು 18 ಪಂದ್ಯ ಅಷ್ಟೆ. ಅದೇ ಜಾಗಕ್ಕೆ ರೇಂಜರ್ಸ್‌ನ ವಿಲ್ಲಿ ವಾಡೆಲ್ ಪೈಪೋಟಿಗಿದ್ದ.

[ಸಂಗೀತ ನಿಲ್ಲುತ್ತದೆ]

1959. ವಯಸ್ಸು 34, ಕಣಕಾಲು ಕೈಕೊಟ್ಟಿದೆ. ಇನ್ನು ಆಗಲ್ಲ ಅಂತ ಕ್ಲಬ್ ತೀರ್ಮಾನಿಸಿ ಬಿಟ್ಟುಕಳಿಸಿತು. ಹದಿನೆಂಟು ವರ್ಷ ಆಡಿದ ಮನೆ. ಸ್ಮಿತ್ ಸ್ವಂತ ಖರ್ಚಲ್ಲಿ ಆಪರೇಷನ್ ಮಾಡಿಸಿಕೊಂಡ. ಆಮೇಲೆ ಸೇರಿದ್ದು ಯಾರನ್ನ? ಹೌದು, ಹಾರ್ಟ್ಸನ್ನ! ಹುಡುಗನಾಗಿದ್ದಾಗ ಇಷ್ಟಪಟ್ಟ ತಂಡ. ಮೊದಲ ಸೀಸನ್‌ನಲ್ಲೇ ಲೀಗ್ ಪಟ್ಟ, ಜೊತೆಗೆ ಲೀಗ್ ಕಪ್.

1961ರಲ್ಲಿ ಮತ್ತೆ ಗಂಟುಮೂಟೆ. ಈ ಸಲ ಡಂಡೀ. ಮ್ಯಾನೇಜರ್ ಬಾಬ್ ಶ್ಯಾಂಕ್ಲಿ, ಲಿವರ್‌ಪೂಲ್ ಕ್ಲಬ್‌ನ ಮ್ಯಾನೇಜರ್ ಆಗಿದ್ದ ಬಿಲ್ ಶ್ಯಾಂಕ್ಲಿಯ ಅಣ್ಣ. ಮುಂದೆ ಗೋಲು ಹೊಡೆಯೋಕೆ ಅಲನ್ ಗಿಲ್ಜಿಯನ್ ಇದ್ದ, ಹಿಂದೆ ಇಯಾನ್ ಯೂರ್. ಬಲ ಅಂಚಿನಲ್ಲಿ ಇವರಿಗಿಂತ ಎಷ್ಟೋ ದೊಡ್ಡವನಾದ ಸ್ಮಿತ್. 1962ರ ಏಪ್ರಿಲ್ ಕೊನೆಗೆ ಪರ್ತ್ ಊರಲ್ಲಿ ಸೇಂಟ್ ಜಾನ್‌ಸ್ಟೋನ್ ಎದುರು 3–0 ಗೆದ್ದು ಡಂಡೀ ಚಾಂಪಿಯನ್. ಅದೇ ಸೋಲಿನಿಂದ ಪಾಪ, ಎದುರಾಳಿ ಕೆಳಗಿನ ಡಿವಿಷನ್‌ಗೆ ಇಳೀತು. ಡಂಡೀ ಲೀಗ್ ಗೆದ್ದಿದ್ದು ಅದೊಂದೇ ಸಲ. ಮುಂದಿನ ಸೀಸನ್‌ನಲ್ಲಿ ಯುರೋಪಿಯನ್ ಕಪ್‌ನಲ್ಲಿ ಜರ್ಮನಿಯ ಕಲೋನ್ ತಂಡವನ್ನು 8–1ರಿಂದ ಚಿಂದಿ ಮಾಡಿ, ಇವರೂ ಸೆಮಿಫೈನಲ್ ಮುಟ್ಟಿದರು.

ಲೀಗ್ ಅಲ್ಲದ ನಾಕೌಟ್ ಟೂರ್ನಿ ಸ್ಕಾಟಿಷ್ ಕಪ್ ಮಾತ್ರ ಸ್ಮಿತ್ ಕೈಗೆ ಸಿಗಲೇ ಇಲ್ಲ. ಹಿಬ್ಸ್‌ನಲ್ಲಿದ್ದಾಗ 1947ರ ಫೈನಲ್‌ನಲ್ಲಿ ಅಬರ್ಡೀನ್ 2–1ರಿಂದ ಕಿತ್ತುಕೊಂಡಿತು.

1964ರಲ್ಲಿ ಬೂಟು ಬಿಚ್ಚಿಟ್ಟ. ಆಮೇಲೆ ಎಡಿನ್‌ಬರೋದಲ್ಲಿ ಒಂದು ಪಬ್ ನಡೆಸಿದ. ಹೆಸರು ‘ರೈಟ್ ವಿಂಗ್’, ಅಂದ್ರೆ ಬಲ ಅಂಚು. ರಾಜಕೀಯ ಅಲ್ಲ, ಮೈದಾನದಲ್ಲಿ ತಾನು ನಿಲ್ತಿದ್ದ ಜಾಗ.