ಬಿಸಿಲ ನಾಡಿನ ಹೈಬ್ರಿಡ್ ಸೌರ ಫಲಕ ಮತ್ತು ತಂಪು ದ್ರವ

ಕಲಬುರಗಿ ಬಾನುಲಿಯ ಶ್ರೋತೃಗಳಿಗೆ ನಮಸ್ಕಾರ.

ಬಿಸಿಲು ಏರಿದಷ್ಟೂ ಸೌರ ವಿದ್ಯುತ್ತು ಹೆಚ್ಚುತ್ತದೆ ಎಂಬ ನಂಬಿಕೆ ನಮ್ಮ ಭಾಗದಲ್ಲಿ ಬಲವಾಗಿದೆ. ಆದರೆ ವಿದ್ಯುತ್ತು ಹುಟ್ಟುವುದು ಬಿಸಿಲಿನ ಬೆಳಕಿನಿಂದಲೇ ಹೊರತು ಅದರ ಕಾವಿನಿಂದಲ್ಲ. ಸಿಲಿಕಾನ್ ಫಲಕದ ಮೇಲೆ ಬರೆದಿರುವ ಸಾಮರ್ಥ್ಯ 25 ಡಿಗ್ರಿ ಉಷ್ಣತೆಯಲ್ಲಿ ಅಳೆದದ್ದು. ಅದಕ್ಕಿಂತ ಮೇಲೇರುವ ಪ್ರತಿ ಡಿಗ್ರಿಗೂ ಶೇಕಡಾ 0.3ರಿಂದ 0.5ರಷ್ಟು ಉತ್ಪಾದನೆ ಕುಗ್ಗುತ್ತದೆ. ಮೇ ತಿಂಗಳ ಮಧ್ಯಾಹ್ನ, ಕಾದ ಶಹಾಬಾದ್ ಕಲ್ಲಿನ ಮಾಳಿಗೆಯ ಮೇಲೆ ಫಲಕವೊಂದು 65 ಡಿಗ್ರಿ ಮುಟ್ಟಿತೆನ್ನಿ. ಡಿಗ್ರಿಗೆ 0.35ರ ಲೆಕ್ಕ ಹಿಡಿದರೂ 400 ವ್ಯಾಟಿನ ಆ ಫಲಕದಿಂದ ದೊರೆಯುವುದು ಸುಮಾರು 344 ವ್ಯಾಟ್ ಮಾತ್ರ.

ಫಲಕದ ಬೆನ್ನಿಗೆ ನಾಳಗಳನ್ನು ಜೋಡಿಸಿ, ಅವುಗಳಲ್ಲಿ ಗಾಳಿಯನ್ನೋ ನೀರನ್ನೋ ಹರಿಸಿ ಫಲಕವನ್ನು ತಂಪಾಗಿಸುತ್ತ, ವಿದ್ಯುತ್ತಿನ ಜೊತೆಗೆ ಶಾಖವನ್ನೂ ಪಡೆಯುವ ವ್ಯವಸ್ಥೆಯೇ ಹೈಬ್ರಿಡ್ ಫಲಕ. 1970ರ ದಶಕದಿಂದಲೂ ಇದರ ಸಂಶೋಧನೆ ನಡೆದು ಬಂದಿದೆ. ಇತ್ತೀಚಿನ ವರ್ಷಗಳಲ್ಲಿ ಅತಿ ಹೆಚ್ಚು ಗಮನ ಸೆಳೆದಿರುವುದು ನ್ಯಾನೋದ್ರವ. 1995ರಲ್ಲಿ ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ ಸ್ಟೀಫನ್ ಚೋಯ್ ಈ ಹೆಸರನ್ನು ಬಳಕೆಗೆ ತಂದರು. ಅಲ್ಯುಮಿನಿಯಂ ಆಕ್ಸೈಡ್ ಅಥವಾ ತಾಮ್ರದ ಆಕ್ಸೈಡಿನ ಅತಿ ಸೂಕ್ಷ್ಮ ಕಣಗಳನ್ನು ನೀರಿನಲ್ಲಿ ಬೆರೆಸಿದರೆ ಅದು ಶಾಖವನ್ನು ಬೇಗ ಸಾಗಿಸುತ್ತದೆ, ನಿಜ. ಆದರೆ ದ್ರವ ಮಂದವಾಗುವುದರಿಂದ ಪಂಪಿಗೆ ಹೆಚ್ಚು ವಿದ್ಯುತ್ತು ಬೇಕಾಗುತ್ತದೆ, ಮತ್ತು ಕೆಲಕಾಲ ನಿಂತರೆ ಕಣಗಳು ಗುಂಪುಗೂಡಿ ತಳಕ್ಕಿಳಿಯುತ್ತವೆ. ಪಂಪು ತಿನ್ನುವ ವಿದ್ಯುತ್ತನ್ನು ಕಳೆಯದೆ ದಕ್ಷತೆಯನ್ನು ಹೇಳುವ ವರದಿಯನ್ನು ನಾನು ಪೂರ್ಣವೆಂದು ಒಪ್ಪಲಾರೆ.

ಕರಗುವಾಗ ಶಾಖವನ್ನು ಹೀರಿಕೊಂಡು ಸಂಜೆ ಬಿಟ್ಟುಕೊಡುವ ಪ್ಯಾರಾಫಿನ್ ಮೇಣ ಇನ್ನೊಂದು ದಾರಿ. ಫಲಕದ ಮುಂದೆಯೇ ದ್ರವವನ್ನು ಹರಿಸಿ, ವಿದ್ಯುತ್ತಿಗೆ ಬಾರದ ಅವಕೆಂಪು ಕಿರಣಗಳನ್ನು ಅಲ್ಲೇ ತಡೆಯುವ ಪ್ರಯೋಗಗಳೂ ನಡೆದಿವೆ.

ಈ ಎಲ್ಲ ದಾರಿಗಳಲ್ಲೂ ಎದುರಾಗುವ ತೊಡಕು ಒಂದೇ. ಫಲಕ ತಂಪಾಗಿರಬೇಕಾದರೆ ದ್ರವವೂ ಹೆಚ್ಚು ಬಿಸಿಯಾಗಬಾರದು. ಬಳಕೆಗೆ ಬಿಸಿ ನೀರು ಬೇಕೆಂದರೆ ಒಂದಿಷ್ಟು ವಿದ್ಯುತ್ತನ್ನು ಬಿಟ್ಟುಕೊಡಬೇಕು. ಆದ್ದರಿಂದ ಯಾವ ದ್ರವ ಎಂದು ಕೇಳುವ ಮೊದಲು ಶಾಖ ಯಾವ ಕೆಲಸಕ್ಕೆ ಎಂದು ತೀರ್ಮಾನಿಸುವುದು ಒಳ್ಳೆಯದು. ಬೀದರಿನ ಚಳಿಗಾಲದಲ್ಲಿ ವಸತಿನಿಲಯದ ಸ್ನಾನಕ್ಕೆ 40 ಡಿಗ್ರಿಯ ನೀರು ಧಾರಾಳವಾಯಿತು. ಅಷ್ಟಕ್ಕೆ ಸಾದಾ ನೀರೇ ಸಾಕು. ಆದರೆ ನಮ್ಮ ಅನೇಕ ಕೊಳವೆಬಾವಿಗಳ ಗಡಸು ನೀರನ್ನು ನೇರವಾಗಿ ನಾಳಕ್ಕೆ ಬಿಡಕೂಡದು. ಬಿಸಿನೀರಿನ ಹಂಡೆಯ ಒಳಗೆ ಕಟ್ಟುವ ಬಿಳಿ ಪದರವೇ ಈ ಸಣ್ಣ ನಾಳಗಳಲ್ಲೂ ಕಟ್ಟಿ, ಶಾಖ ದಾಟದಂತೆ ತಡೆಯುತ್ತದೆ. ಶುದ್ಧೀಕರಿಸಿದ ನೀರು ಮುಚ್ಚಿದ ನಾಳದಲ್ಲೇ ಸುತ್ತುತ್ತ, ತನ್ನ ಶಾಖವನ್ನು ತೊಟ್ಟಿಯ ನೀರಿಗೆ ದಾಟಿಸುವ ಏರ್ಪಾಡು ಇಲ್ಲಿಗೆ ಹೆಚ್ಚು ಹೊಂದುತ್ತದೆ.

ನೀರಿನ ಅಭಾವವಿರುವಲ್ಲಿ ಗಾಳಿಯನ್ನೇ ಹರಿಸಬಹುದು. ಒಂದೇ ಗಾತ್ರದ ಗಾಳಿ ನೀರಿಗಿಂತ ಬಹಳ ಕಡಿಮೆ ಶಾಖವನ್ನು ಹೊರುತ್ತದೆ. ಆದರೂ ತೊಗರಿಯನ್ನು ಬೇಳೆ ಮಾಡುವ ಮೊದಲು ಒಣಗಿಸಲೇಬೇಕಾದ ನಮ್ಮ ದಾಲ್ ಮಿಲ್ಲುಗಳಿಗೆ ಆ ಬೆಚ್ಚನೆಯ ಗಾಳಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಇಲ್ಲಿನ ಬಿಸಿಲು, ಧೂಳು ಮತ್ತು ತೊಗರಿಯ ತೇವಾಂಶವನ್ನು ವರ್ಷವಿಡೀ ಅಳೆದು ಇಂಥ ಫಲಕವನ್ನು ಪರೀಕ್ಷಿಸಬೇಕೆಂಬುದು ನನ್ನ ಮನವಿ. ನಮಸ್ಕಾರ.