ಎಡಕ್ಕೇ ಓಡುವ ಕಂಟ್ರೋಲರ್ ಮತ್ತು ನನಗಿಷ್ಟದ ಇಂಡೀ ಗೇಮ್‌ಗಳು

ಸ್ಕ್ರೂ ಬಿಚ್ಚುತ್ತಿರುವುದು ಕಾಣುತ್ತಿದೆಯಲ್ಲ, ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಧಾರವಾಡದಲ್ಲಿ ಬೆಳಗಿನಿಂದ ಜಿಟಿಜಿಟಿ ಮಳೆ, ಹೊರಗಿನ ವಿಡಿಯೊ ಶೂಟಿಂಗ್ ರದ್ದಾಗಿದೆ. ಕೈಗೆ ಗೇಮ್ ಆಡುವ ಕಂಟ್ರೋಲರಿನ ರಿಪೇರಿ, ಬಾಯಿಗೆ ನೀವು ಕೇಳುತ್ತಲೇ ಇದ್ದ, ದೊಡ್ಡ ಕಂಪನಿಗಳಿಲ್ಲದೆ ಕೆಲವೇ ಜನ ಮಾಡುವ ಇಂಡೀ ಗೇಮ್‌ಗಳ ಮಾತು. ನನ್ನದು ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಳೆಯ ಲ್ಯಾಪ್‌ಟಾಪ್. ಅದರಲ್ಲಿ ಓಡಿದವುಗಳನ್ನಷ್ಟೇ ಹೇಳುತ್ತೇನೆ.

ಮೊದಲು ಸೆಲೆಸ್ಟ್, 2018ರದ್ದು. ಮ್ಯಾಡೆಲಿನ್ ಎಂಬ ಹುಡುಗಿ ಬೆಟ್ಟ ಹತ್ತುತ್ತಾಳೆ, ಬಿದ್ದು ಸಾಯುತ್ತಾಳೆ, ಕಣ್ಣು ಮಿಟುಕಿಸುವಷ್ಟರಲ್ಲಿ ಅದೇ ಪರದೆಯಲ್ಲಿ ಮತ್ತೆ ಎದ್ದು ನಿಲ್ಲುತ್ತಾಳೆ. ಅವಳನ್ನು ಬೀಳಿಸುವುದು ನಮ್ಮ ಕೈಯ ಅವಸರ. ನನ್ನ ಮ್ಯಾಡೆಲಿನ್ ಮಾತ್ರ ನಾನು ಕೈ ಬಿಟ್ಟು ಚಹಾ ಕುಡಿಯುತ್ತಿದ್ದರೂ ತಾನಾಗಿಯೇ ಎಡಕ್ಕೆ ನಡೆದು ಮುಳ್ಳಿನ ಮೇಲೆ ಬೀಳುತ್ತಿದ್ದಳು.

ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ, ಹೆಸರು ಬೇಡ, 1,900 ರೂಪಾಯಿ ಎಣಿಸಿ ತಂದ ಸೆಕೆಂಡ್ ಹ್ಯಾಂಡ್ ಕಂಟ್ರೋಲರ್ ಇದು. ಮರಳಿ ಒಯ್ದು ತೋರಿಸಿದರೆ, "ಅಕ್ಕಾ, ಅದು ಗೇಮಿನ ದೋಷ. ಬೇರೆ ಗೇಮ್ ಆಡಿ ನೋಡಿ" ಎಂದರು. ಬೇರೆ ಗೇಮಂತೆ! ರಸೀದಿ ಕೇಳಿದರೆ, "ಹಳೆಯ ಮಾಲಿಗೆ ಎಲ್ಲಿಯ ರಸೀದಿ?" ಎಂದು ನಕ್ಕರು. ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ಹೋಗಿ ಬಂದ ಟಿಕೆಟ್ ಹಣವಾದರೂ ಬೇಡವೇ? ನಗುತ್ತಾ ಇಲ್ಲ ಎನ್ನುವವರ ಹತ್ತಿರ ಜಗಳವನ್ನೂ ಆಡಲಾಗುವುದಿಲ್ಲ.

ಇಗೋ, ಕ್ಯಾಮೆರಾ ಹತ್ತಿರ ತರುತ್ತೇನೆ. ಹೆಬ್ಬೆರಳಿನಿಂದ ತಳ್ಳುವ ಸ್ಟಿಕ್ಕಿನ ಪಕ್ಕದಲ್ಲಿರುವ ಈ ಪುಟ್ಟ ಹಸಿರು ಡಬ್ಬಿಯೇ ಪೊಟೆನ್ಷಿಯೊಮೀಟರ್, ಸ್ಟಿಕ್ ಎತ್ತ ವಾಲಿದೆ ಎಂದು ಅಳೆಯುವುದು ಇದೇ. ಒಳಗೊಂದು ಇಂಗಾಲದ ಪಟ್ಟಿ ಇರುತ್ತದೆ, ಅದರ ಮೇಲೆ ಲೋಹದ ಚೂರು ಉಜ್ಜಿಕೊಂಡೇ ಓಡಾಡುತ್ತದೆ. ಪಟ್ಟಿ ಸವೆದರೆ ಸ್ಟಿಕ್ ನಟ್ಟನಡುವೆ ನಿಂತಿದ್ದರೂ ಯಾರೋ ಎಡಕ್ಕೆ ತಳ್ಳಿದ್ದಾರೆ ಎಂದೇ ಕಂಪ್ಯೂಟರ್ ತಿಳಿಯುತ್ತದೆ. ಆಲ್ಕೋಹಾಲ್ ಎರಡು ಹನಿ ಬಿಟ್ಟರೆ ಧೂಳು ಹೋದೀತು, ಸವೆದ ಪಟ್ಟಿ ಬೆಳೆಯುವುದಿಲ್ಲ. ಹೊಸದನ್ನು ಕೊಳ್ಳುವವರು ಹಾಲ್ ಎಫೆಕ್ಟ್ ಸ್ಟಿಕ್ ಇದೆಯೇ ಎಂದು ಕೇಳಿ. ಅದರಲ್ಲಿ ಕೆಲಸ ಮಾಡುವುದು ಆಯಸ್ಕಾಂತ, ಉಜ್ಜುವ ಮಾತೇ ಇಲ್ಲ.

ಕಂಟ್ರೋಲರ್ ಇಲ್ಲದೆ ಸೆಲೆಸ್ಟ್ ಮುಟ್ಟಬೇಡಿ ಎಂದು ಹಿಂದೆ ಹೇಳಿದ್ದೆ. ಈಗ ಕೀಬೋರ್ಡೇ ವಾಸಿ ಎನ್ನುತ್ತೇನೆ. ಕಷ್ಟವಾದರೆ ಅಸಿಸ್ಟ್ ಮೋಡ್ ಇದೆ, ಆಟದ ವೇಗ ತಗ್ಗಿಸಿಕೊಳ್ಳಿ. ನಾಚಿಕೆ ಯಾಕೆ, ದುಡ್ಡು ನಿಮ್ಮದು.

ಸ್ಟಾರ್‌ಡ್ಯೂ ವ್ಯಾಲಿ ಗೊತ್ತಿಲ್ಲದವರು ಯಾರೂ ಇಲ್ಲ, ಆದರೂ ಹೇಳಲೇಬೇಕು. ಎರಿಕ್ ಬರೋನ್ ಎಂಬಾತ ಚಿತ್ರ, ಸಂಗೀತ, ಕೋಡ್ ಎಲ್ಲವನ್ನೂ ಒಬ್ಬನೇ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕೂತು ಮಾಡಿ 2016ರಲ್ಲಿ ಹೊರತಂದ. ಅಜ್ಜ ಬಿಟ್ಟುಹೋದ ಹೊಲವನ್ನು ಹಸನು ಮಾಡಿಕೊಂಡು ಬದುಕುವ ಆಟ. ಬ್ಯಾಡಗಿ ಕಡೆ ಮೆಣಸಿನಕಾಯಿ ಬೆಳೆಯುವ ನಮ್ಮ ಕಾಕಾ ಬಂದಾಗ ತೋರಿಸಿದೆ. ಆಟದೊಳಗಿನ ಟಿವಿ ನಾಳೆ ಮಳೆ ಎಂದರೆ ನಾಳೆ ಮಳೆಯೇ. ಬೆಳೆ ಕೊಯ್ದು ಅಂಗಳದ ಪೆಟ್ಟಿಗೆಗೆ ಹಾಕಿ ಮಲಗಿದರೆ ಬೆಳಗಾಗುವಷ್ಟರಲ್ಲಿ ಹಣ ಬಂದಿರುತ್ತದೆ. ಕಾಕಾ ಸುಮ್ಮನೆ ನೋಡಿದರು. "ಇದರಲ್ಲಿ ದಲಾಲ ಎಲ್ಲಿ ಕೂಡುತ್ತಾನವ್ವಾ?" ಎಂದು ಕೇಳಿದರು. ಆಮೇಲೆ ಮೊಬೈಲಿಗೂ ಹಾಕಿಸಿಕೊಂಡರು, ಆ ಮಾತು ಬೇರೆ. ಮೀನು ಹಿಡಿಯುವ ಭಾಗ ಮಾತ್ರ ಶುದ್ಧ ಕಿರಿಕಿರಿ. ನನ್ನ ಕಂಟ್ರೋಲರಿನದ್ದಲ್ಲ, ಅದು ಗೇಮಿನದ್ದೇ!

ಚಿಕ್ಕದು ಬೇಕೆಂದರೆ ವೆಂಬಾ, 2023ರದ್ದು. ಕೆನಡಾಕ್ಕೆ ಹೋದ ತಮಿಳು ಕುಟುಂಬದ ಕಥೆ. ಅಮ್ಮನ ಹರಿದ ಅಡುಗೆ ಪುಸ್ತಕದಲ್ಲಿ ಅಳಿಸಿಹೋದದ್ದನ್ನು ನಾವೇ ಊಹಿಸಿ ಅಡುಗೆ ಮಾಡಬೇಕು. ಇಡ್ಲಿ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುವಾಗ ಒಂದರ ಗುಳಿ ಇನ್ನೊಂದರ ತೂತಿನ ನೇರಕ್ಕೆ ಬರಬೇಕು, ಇಲ್ಲದಿದ್ದರೆ ಹಬೆ ಆಡುವುದಿಲ್ಲ. ನಾನು ತಿಣುಕುತ್ತಿದ್ದಾಗ ಹಿಂದಿನಿಂದ ನಮ್ಮ ಅವ್ವ, "ಇಷ್ಟು ದೊಡ್ಡವಳಾಗಿದ್ದೀಯೆ, ಇಡ್ಲಿ ತಟ್ಟೆ ಇಡಲು ಬರುವುದಿಲ್ಲವೇ?" ಎಂದರು. ನಮ್ಮಲ್ಲಿ ಯಾರಾದರೂ ಜೋಳದ ರೊಟ್ಟಿಯ ಗೇಮ್ ಮಾಡಬೇಕು. ಎಸರಿನ ಹದ ತಪ್ಪಿದರೆ ಅಂಚು ಸೀಳಬೇಕು, ಹಂಚಿಗೆ ಹಾಕಿ ಮೇಲೆ ನೀರು ಸವರುವುದು ತಡವಾದರೆ ಬಿರಿಯಬೇಕು. ಕೊನೆಯ ಹಂತದಲ್ಲಿ ಮದುವೆ ಮನೆ! ಇದನ್ನು ಆಮೇಲೆ ಮಾತಾಡೋಣ, ಶಾಟ್ ಮುಗಿಯುತ್ತಿದೆ.

ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದು. ಆ ಅಂಗಡಿಯವರಿಗೆ ಇದನ್ನು ಯಾರಾದರೂ ಹೇಳಿ. ವೆಂಬಾ ಅಷ್ಟರಲ್ಲಿ ಮುಗಿದೇ ಹೋಗುತ್ತದೆ. ಪೂರ್ತಿ ಆಡಿ ಹಣ ವಾಪಸ್ ಕೇಳುವವರು ಈ ಚಾನೆಲ್ ಕಡೆಗೆ ಬರಬೇಡಿ. ಬೆರಳೆಣಿಕೆಯ ಜನ ವರ್ಷಗಟ್ಟಲೆ ಮಾಡಿದ ಕೆಲಸ ಅದು.

ಬೇಗ ಇನ್ನೊಂದು, ರಿಟರ್ನ್ ಆಫ್ ದಿ ಓಬ್ರಾ ಡಿನ್. ಈಸ್ಟ್ ಇಂಡಿಯಾ ಕಂಪನಿಯ ಹಡಗಿನಲ್ಲಿ 60 ಜನರ ಗತಿ ಏನಾಯಿತೆಂದು ಪತ್ತೆ ಮಾಡಬೇಕು. ಎರಡೇ ಬಣ್ಣ. ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಳ್ಳಿ. ಬಲಾಟ್ರೊ ಎಂಬ ಇಸ್ಪೀಟಿನ ಗೇಮನ್ನು ಪರೀಕ್ಷೆ ಇರುವವರು ಮೊಬೈಲಿಗೆ ಹಾಕಿಕೊಳ್ಳಲೇಬೇಡಿ, ಇಸ್ಪೀಟಿನ ಚಟ ಹೇಗೆ ಹತ್ತುತ್ತದೆಂದು ಗೊತ್ತಾಗುತ್ತದೆ.

ಕಂಟ್ರೋಲರ್ ಜೋಡಿಸಿ ಆಯಿತು. ಈಗ ಪರೀಕ್ಷೆ. ಮ್ಯಾಡೆಲಿನ್ ನಿಂತಿದ್ದಾಳೆ... ನಿಂತಿದ್ದಾಳೆ... ಹೊರಟಳು ನೋಡಿ, ಈ ಸಲ ಬಲಕ್ಕೆ!